ಬಾಲವನದ ಮಾಡು

ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿರುವ ಶಿವರಾಮ ಕಾರಂತರ ಮನೆಗೆ ಬಂದವರು ಹೊಸ್ತಿಲು ದಾಟಿದ ಕೂಡಲೇ ದನಿ ತಗ್ಗಿಸುತ್ತಾರೆ. ಇಲ್ಲೇ ಕೂತು ಬರೆದರಂತೆ, ಇಲ್ಲೇ ಮಕ್ಕಳನ್ನು ಕುಣಿಸಿದರಂತೆ ಎಂದು ಪಿಸುಗುಟ್ಟುತ್ತ ಗೋಡೆ, ಬಾಗಿಲು, ಕಿಟಕಿಗಳನ್ನು ನೋಡುತ್ತಾರೆ. ನನ್ನ ಜೊತೆ ಬಂದಿದ್ದ ಆಚಾರ್ರು ಮಾತ್ರ ಒಳಗೆ ಕಾಲಿಟ್ಟವರೇ ಮುಖ ಮೇಲೆತ್ತಿ ನಿಂತುಬಿಟ್ಟರು. ಎರಡು ಕೈಯೂ ಬೆನ್ನ ಹಿಂದೆ. ಕಣ್ಣು ಪಕ್ಕಾಸಿನಿಂದ ಪಕ್ಕಾಸಿಗೆ, ರೀಪಿನಿಂದ ರೀಪಿಗೆ ನಿಧಾನವಾಗಿ ಸರಿಯುತ್ತಿತ್ತು. ತುಂಬ ಹೊತ್ತು ಮಾತಿಲ್ಲ. ಕೊನೆಗೆ, "ಕೆಲಸ ಚೆಂದ ಮಾಡಿದ್ದಾರೆ ಅಕ್ಕ" ಎಂದರು. ಸ್ವಲ್ಪ ತಡೆದು, "ಮಳೆಗೆ ಮುಂಚೆ ಹತ್ತುವವರು ಯಾರು ಉಂಟು ಇಲ್ಲಿ?" ಎಂದು ಕೇಳಿದರು.

ನಾನು ಬೇರೆಯದೇ ಪ್ರಶ್ನೆ ಇಟ್ಟುಕೊಂಡು ಹೊರಟಿದ್ದೆ. ಅದು ನನ್ನ ಅಕ್ಕನ ಮಗ ಕೇಳಿದ ಪ್ರಶ್ನೆ. ಒಂಬತ್ತು ವರ್ಷದ ಹುಡುಗ, ಬೆಂಗಳೂರಿನಲ್ಲಿ ಬೆಳೆಯುತ್ತಿರುವವನು, ರಜೆಗೆಂದು ಕೆದಂಬಾಡಿಯ ನಮ್ಮ ಮನೆಗೆ ಬಂದಿದ್ದ. ಬಿಡದಿ ಹತ್ತಿರದ ವಂಡರ್‌ಲಾಕ್ಕೆ ಎರಡು ಸಲ ಹೋಗಿ ಬಂದಿದ್ದಾನೆ. ಭಾನುವಾರ ಬಾಲವನಕ್ಕೆ ಹೋಗುವ ಎಂದಾಗ ಹೆಸರು ಕೇಳಿಯೇ ಹಿಗ್ಗಿದ. "ಅಲ್ಲಿ ಆಡ್ಲಿಕ್ಕೆ ಏನೇನಿದೆ ಚಿಕ್ಕಮ್ಮ?" ಎಂದ. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಮಕ್ಕಳಿಗೆಂದೇ ಕಟ್ಟಿದ ವನ, ಹೆಸರಿನಲ್ಲೇ ಬಾಲ ಇರುವ ವನ. ಆದರೂ ಒಂಬತ್ತು ವರ್ಷದ ಹುಡುಗನಿಗೆ ಅಲ್ಲಿ ಏನಿದೆ ಎಂದು ಹೇಳಲು ನಾನು ಯೋಚಿಸಬೇಕಾಯಿತು.

ಆಗ ಆಚಾರ್ರು ನಮ್ಮ ಮನೆಯ ಮಾಡಿನ ಮೇಲೆಯೇ ಇದ್ದರು. ಮೇ ತಿಂಗಳ ನಡು. ಹಂಚು ಇಳಿಸಿ, ಉಜ್ಜಿ, ಮತ್ತೆ ಹೊದೆಸುವ ಕೆಲಸ ಮೂರು ದಿನದಿಂದ ನಡೆದಿತ್ತು. ಮೇಲಿನಿಂದಲೇ ಮಾತು ಕೇಳಿಸಿಕೊಂಡು, "ನಾನೂ ಬರ್ತೇನೆ. ಪುತ್ತೂರಿನ ಅರ್ಧ ಮನೆಗಳ ಮಾಡು ಹತ್ತಿದ್ದೇನೆ, ಕಾರಂತರ ಮನೆಯದ್ದು ಮಾತ್ರ ನೋಡಿಲ್ಲ" ಎಂದರು. ಎಪ್ಪತ್ತು ದಾಟಿದ ಮನುಷ್ಯ. ಹೀಗೆ ನಾವು ಮೂವರು ಕುಂಬ್ರಕ್ಕೆ ಬಂದು ಪುತ್ತೂರಿನ ಬಸ್ಸು ಹಿಡಿದೆವು.

ಕೆದಂಬಾಡಿ ಎಂದರೆ ಸಾಹಿತ್ಯ ಓದುವವರಿಗೆ 'ಬೇಟೆಯ ನೆನಪುಗಳು' ಬರೆದ ಜತ್ತಪ್ಪ ರೈಗಳ ಹೆಸರಿನ ಮುಂದಿರುವ ಊರು. ಉಳಿದವರಿಗೆ ಅಡಿಕೆ ತೋಟ, ರಬ್ಬರು, ಗೇರುಗುಡ್ಡೆ, ತಿಂಗಳಾಡಿಯ ಪೇಟೆ. ಇಲ್ಲಿನವರಿಗೆ ಪುತ್ತೂರು ಸಂತೆಯ ಊರು, ಕೋರ್ಟಿನ ಊರು, ಮಹಾಲಿಂಗೇಶ್ವರನ ಜಾತ್ರೆಯ ಊರು. ಇದೇ ಪುತ್ತೂರಿನಲ್ಲಿ ಒಬ್ಬ ಮನುಷ್ಯ ಸುಮಾರು ನಾಲ್ಕು ದಶಕ ಕೂತು ಕನ್ನಡದ ಒಂದು ದೊಡ್ಡ ಕಪಾಟು ತುಂಬುವಷ್ಟು ಬರೆದರು ಎಂಬುದು ನಮ್ಮ ಹಿಂದಿನ ತಲೆಮಾರಿಗೆ ಹೆಮ್ಮೆಯ ಸಂಗತಿಯಾಗಿತ್ತು. ನಮ್ಮ ಸೋದರಮಾವನಂತೂ, ಯಾರಾದರೂ ಊರು ಯಾವುದು ಎಂದು ಕೇಳಿದರೆ, "ಕಾರಂತರ ಪುತ್ತೂರಿಂದ ಆಚೆ" ಎಂದೇ ಹೇಳುತ್ತಿದ್ದರು.

ಬಾಲವನದ ಚರಿತ್ರೆ ಅವರ ಬಾಯಿಂದಲೇ ನನಗೆ ಮೊದಲು ಸಿಕ್ಕಿದ್ದು. ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಹುಟ್ಟಿದ ಶಿವರಾಮ ಕಾರಂತರು ಅಸಹಕಾರ ಚಳವಳಿಯ ಕರೆಗೆ ಕಾಲೇಜು ಬಿಟ್ಟವರು. ಪತ್ರಿಕೆ, ನಾಟಕ, ಮೂಕಿ ಚಿತ್ರ ಎಂದು ಒಂದಾದ ಮೇಲೊಂದಕ್ಕೆ ಕೈಹಾಕಿದರು. ಪುತ್ತೂರಿಗೆ ಅವರನ್ನು ಎಳೆದದ್ದು ಮೊಳಹಳ್ಳಿ ಶಿವರಾಯರ ಸ್ನೇಹ. ಜಿಲ್ಲೆಯ ಸಹಕಾರಿ ಚಳವಳಿಯ ಪಿತಾಮಹ ಎಂದು ಹೆಸರಾದ ವಕೀಲರು ಅವರು. ಇಬ್ಬರೂ ಸೇರಿ ದಸರೆಯನ್ನು ಪುತ್ತೂರಿನಲ್ಲಿ ನಾಡಹಬ್ಬವಾಗಿ ಮಾಡಿದರು. ಅದಕ್ಕೆ ಹಳ್ಳಿಗಳಿಂದ ಜನ ಸೂಟೆ ಹಿಡಿದು ನಡೆದು ಬರುತ್ತಿದ್ದರು ಎಂದು ಮಾವ ಹೇಳುತ್ತಿದ್ದರು. 1930ರ ದಶಕದಲ್ಲಿ ಪರ್ಲಡ್ಕದಲ್ಲಿ ಜಾಗ ಮಾಡಿ ಕಾರಂತರು ಕಟ್ಟಿದ್ದೇ ಬಾಲವನ. ಮಕ್ಕಳು ಬೆಂಚಿನ ಮೇಲೆ ಕೂತು ಬಾಯಿಪಾಠ ಮಾಡುವ ಬದಲು ನೋಡಿ, ಮುಟ್ಟಿ, ಕುಣಿದು, ಮಾಡಿ ಕಲಿಯಬೇಕು ಎಂಬುದು ಅವರ ಹಟ. ಶಾಲೆಯಾಗಿ ಅದು ಬಹುಕಾಲ ನಿಲ್ಲಲಿಲ್ಲ. ಆದರೆ ಮನೆ ನಿಂತಿತು, ಕುಣಿತಕ್ಕೆಂದು ಮಾಡಿದ ಶಾಲೆಯ ಕಟ್ಟಡ ನಿಂತಿತು, ಮರಗಳು ನಿಂತವು.

ಲೀಲಾ ಅವರ ಬಗ್ಗೆ ಇಲ್ಲಿ ಎರಡು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಕಾರಂತರು ನಾಟಕ, ನೃತ್ಯ ಕಲಿಸುತ್ತಿದ್ದ ಶಾಲೆಯ ವಿದ್ಯಾರ್ಥಿನಿಯಾಗಿದ್ದ ಲೀಲಾ ಆಳ್ವರನ್ನು ಅವರು ಮದುವೆಯಾದದ್ದು 1936ರಲ್ಲಿ. ಜಾತಿ ಮೀರಿದ ಮದುವೆ ಆ ಕಾಲದ ಪುತ್ತೂರಿಗೆ ಸಣ್ಣ ಸುದ್ದಿಯಲ್ಲ. ಮರಾಠಿ ಮಾಧ್ಯಮದಲ್ಲಿ ಓದಿದ್ದ ಲೀಲಾ ಮದುವೆಯ ನಂತರ ಕನ್ನಡವನ್ನು ಮತ್ತೆ ಕಲಿತು, ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಯನ್ನು ಕನ್ನಡಕ್ಕೆ ತಂದರು. ಗಂಡನ ಗೀತನಾಟಕಗಳಲ್ಲಿ ತಾವೂ ಹೆಜ್ಜೆ ಹಾಕಿದರು. ಬಾಲವನ ಒಬ್ಬ ಲೇಖಕನ ಮನೆ ಎಂದಷ್ಟೇ ಹೇಳುವಾಗ ಆ ನೆಲದಲ್ಲಿ ಕುಣಿದ ಅವರ ಹೆಜ್ಜೆ ಮರೆತುಹೋಗುತ್ತದೆ.

ಮಕ್ಕಳಿಗೆ ಏನಿದೆ ಎಂದು ಹುಡುಗ ಕೇಳಿದನಲ್ಲ, ಅದಕ್ಕೆ ಕಾರಂತರ ಉತ್ತರ ನಮ್ಮ ಮನೆಯಲ್ಲೇ ಇತ್ತು. ಮಾವನ ಪೆಟ್ಟಿಗೆಯಿಂದ ಬಂದ 'ಬಾಲ ಪ್ರಪಂಚ'ದ ಒಂದು ಸಂಪುಟ. ಮೂರು ಸಂಪುಟಗಳಲ್ಲಿ ನಮ್ಮದು ಒಂದೇ. ಬೆನ್ನು ಬಿಚ್ಚಿಕೊಂಡಿದೆ, ಮೊದಲ ಪುಟಗಳಿಲ್ಲ, ಅಂಚುಗಳಲ್ಲಿ ಬೆಳ್ಳಿಮೀನು ಹುಳ ಕೊರೆದ ಸಣ್ಣ ಕಾಲುವೆಗಳು. ಆ ಕಾಲಕ್ಕೆ ಕನ್ನಡದಲ್ಲಿ ಮಕ್ಕಳಿಗೆಂದು ಹಾಗೊಂದು ವಿಶ್ವಕೋಶ ಇರಲಿಲ್ಲ. ದೊಡ್ಡ ಸಂಸ್ಥೆಯೊಂದು ಹತ್ತಾರು ವಿದ್ವಾಂಸರನ್ನು ಕೂರಿಸಿ ಮಾಡಬೇಕಾದ ಕೆಲಸವನ್ನು ಅವರೊಬ್ಬರೇ ಮಾಡಿದರು. ಮುಂದೆ 1959ರಿಂದ 1964ರ ನಡುವೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಬಂದವು. ಪುಸ್ತಕ ಅಚ್ಚು ಮಾಡಲು ಪುತ್ತೂರಿನಲ್ಲೇ ಹಿರಿಮಗ ಹರ್ಷನ ಹೆಸರಿನಲ್ಲಿ ಮುದ್ರಣಾಲಯ ಇಟ್ಟರು. ಮುಖಪುಟದ ಚಿತ್ರವನ್ನೂ ತಾವೇ ಬರೆಯುತ್ತಿದ್ದರು. 'ಮೂಕಜ್ಜಿಯ ಕನಸುಗಳು' ಬಂದದ್ದು 1968ರಲ್ಲಿ, ಅವರು ಪುತ್ತೂರಿನಲ್ಲಿದ್ದಾಗಲೇ. ಅದಕ್ಕೆ ಜ್ಞಾನಪೀಠ ಬರುವ ಹೊತ್ತಿಗೆ, 1977ರಲ್ಲಿ, ಅವರು ಪುತ್ತೂರು ಬಿಟ್ಟು ಸಾಲಿಗ್ರಾಮ ಸೇರಿಯಾಗಿತ್ತು.

ಈ ವನದಲ್ಲಿ ಆಡಿ ಬೆಳೆದ ಮಗು ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಕಾರಂತರ ಮಗ ಉಲ್ಲಾಸ ಕಾರಂತರು 1948ರಲ್ಲಿ ಪುತ್ತೂರಿನಲ್ಲಿ ಹುಟ್ಟಿದವರು. ಇಂಜಿನಿಯರಿಂಗ್ ಓದಿ, ಅದನ್ನು ಬಿಟ್ಟು, ನಾಗರಹೊಳೆಯ ಹುಲಿಗಳ ಬೆನ್ನು ಹತ್ತಿ ಲೋಕಪ್ರಸಿದ್ಧ ವಿಜ್ಞಾನಿಯಾದರು. ಅಪ್ಪ ಕಟ್ಟಿದ ಶಾಲೆ ಮುಚ್ಚಿದ್ದರೂ, ಆ ಮರಗಳ ನಡುವೆ ಕಣ್ಣು ಬಿಟ್ಟು ನೋಡುವ ಪಾಠ ಅಲ್ಲಿ ನಡೆದೇ ಇತ್ತು ಎಂದು ನಾನು ನಂಬುತ್ತೇನೆ.

ಕಾರಂತರು ಪುತ್ತೂರು ಬಿಟ್ಟ ಮೇಲೆ ಬಾಲವನ ಸರ್ಕಾರದ ಕೈಗೆ ಬಂತು. ಈಗ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಮತ್ತು ಪುತ್ತೂರಿನ ಸಹಾಯಕ ಆಯುಕ್ತರ ಮುಂದಾಳುತನದ ಸಮಿತಿ ಅದರ ಯಜಮಾನರು. ಅಕ್ಟೋಬರ್ 10 ಬಂದರೆ ಜನ್ಮದಿನ, ಭಾಷಣ, ಬಾಲವನ ಪ್ರಶಸ್ತಿ. ಇಷ್ಟು ವರ್ಷಗಳಲ್ಲಿ ಸರ್ಕಾರ ಏನೂ ಕೊಟ್ಟಿಲ್ಲ ಎಂದರೆ ಅದು ಸುಳ್ಳು. ರಂಗಮಂದಿರ ಬಂತು, ಈಜುಕೊಳ ಬಂತು. ಪಾರಂಪರಿಕ ಕಟ್ಟಡಗಳನ್ನು ಬಲ್ಲ ಇಂಟ್ಯಾಕ್ ಸಂಸ್ಥೆಯವರ ಕೈಯಿಂದ ಕಾರಂತರ ಮನೆ ಮೊದಲಿನ ರೂಪಕ್ಕೆ ಮರಳಿತು. ಆಚಾರ್ರು ಚೆಂದ ಮಾಡಿದ್ದಾರೆ ಎಂದದ್ದು ಈ ಕೆಲಸವನ್ನೇ. ಐವತ್ತು ವರ್ಷ ಮರ ಮುಟ್ಟಿದವರ ಬಾಯಿಂದ ಬಂದ ಮೆಚ್ಚುಗೆ ಅದು.

ಅವರ ಎರಡನೆಯ ಮಾತಿಗೆ ಬರಬೇಕು. ಅದಕ್ಕೆ ಮೊದಲು ಅವರ ಕಸುಬನ್ನು ಸ್ವಲ್ಪ ಹೇಳಬೇಕು.

ನಮ್ಮ ಕಡೆಯ ಮನೆ ಎಂದರೆ ಮೊದಲು ಮುಳಿಹುಲ್ಲಿನ ಮಾಡು, ವರ್ಷ ವರ್ಷ ಹೊದೆಸಬೇಕು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕೆಂಪು ಹಂಚು ಊರೂರಿಗೆ ಹಬ್ಬಿತು. ಹಂಚಿಗೆ ಬೆನ್ನಿನಲ್ಲಿ ಕಚ್ಚು ಇರುತ್ತದೆ, ಅದು ರೀಪನ್ನು ಹಿಡಿದುಕೊಳ್ಳುತ್ತದೆ. ಮೇಲಿನ ಹಂಚು ಕೆಳಗಿನದರ ಮೇಲೆ ಕೂರುತ್ತದೆ, ಪಕ್ಕದ್ದು ಪಕ್ಕದ್ದನ್ನು ಹಿಡಿಯುತ್ತದೆ. ಮೊಳೆಯಿಲ್ಲ, ಗಾರೆಯಿಲ್ಲ. ಅದಕ್ಕೇ ಒಂದು ಕದಲಿದರೆ ಮೂರು ಕದಲುತ್ತವೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಗಾಳಿಗೆ ಕೊಂಬೆ ಬೀಳುತ್ತದೆ, ಮಂಗಗಳು ಮರದಿಂದ ಮಾಡಿಗೆ ಹಾರುತ್ತವೆ, ತರಗೆಲೆ ಸಂದಿಯಲ್ಲಿ ಕೂತು ನೀರು ಹಿಡಿಯುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಯಾರಾದರೂ ಮೇಲೆ ಹತ್ತಲೇಬೇಕು.

ಆಚಾರ್ರು ಹತ್ತುವುದನ್ನು ಮೂರು ದಿನ ಅಂಗಳದಲ್ಲಿ ಕೂತು ನೋಡಿದ್ದೆ. ಏಣಿ ಇಡುವ ಮೊದಲು ಮನೆಯ ಒಳಗೆ ಒಂದು ಸುತ್ತು ಬಂದು, ಮೇಲೆ ಎಲ್ಲಿ ಬೆಳಕು ತೂರುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾರೆ. ಮಾಡಿನ ಮೇಲೆ ಬರಿಗಾಲು. ಹಂಚಿನ ನಡುವೆ ಕಾಲಿಡುವುದಿಲ್ಲ, ಅಡಿಯಲ್ಲಿ ಪಕ್ಕಾಸು ಇರುವ ಕಡೆಯೇ ಇಡುತ್ತಾರೆ. ಪಕ್ಕಾಸು ಮೇಲಿಂದ ಕಾಣುವುದಿಲ್ಲ. "ಕಾಲಿಗೆ ಗೊತ್ತಾಗ್ತದೆ" ಎನ್ನುತ್ತಾರೆ. ಒಂದೊಂದೇ ಹಂಚು ತೆಗೆದು, ಎಡಗೈಯ ಬೆರಳ ತುದಿಯಲ್ಲಿ ತೂಗಿ ಹಿಡಿದು, ಬಲಗೈಯ ಗೆಣ್ಣಿನಿಂದ ಮೆಲ್ಲ ಬಡಿಯುತ್ತಾರೆ. ಸರಿಯಿದ್ದರೆ ಟಣ್ ಎನ್ನುತ್ತದೆ, ಕಂಚಿನ ಬಟ್ಟಲಿನ ಹಾಗೆ. ಕೂದಲೆಳೆಯ ಬಿರುಕು ಇದ್ದರೂ ಸಾಕು, ಟಕ್ ಎಂದು ಸತ್ತ ದನಿ. ಕಣ್ಣಿಗೆ ಎರಡೂ ಒಂದೇ ರೀತಿ. ಟಕ್ ಎಂದದ್ದು ಅಂಗಳದ ಒಂದು ಬದಿಗೆ ಬರುತ್ತದೆ, ಟಣ್ ಎಂದದ್ದು ಹಾವಸೆ ಉಜ್ಜಿಸಿಕೊಂಡು ತನ್ನ ಜಾಗಕ್ಕೆ ಹೋಗುತ್ತದೆ. ಒಮ್ಮೆ ಒಂದು ಹಳೆಯ ಹಂಚನ್ನು ಮಗುಚಿ ಹೆಬ್ಬೆರಳಿನಿಂದ ಮಣ್ಣು ಒರೆಸಿ, ಬೆನ್ನಿನ ಮೇಲೆ ಉಬ್ಬಿದ ಅಕ್ಷರಗಳನ್ನು ನಮ್ಮ ಹುಡುಗನಿಗೆ ತೋರಿಸಿದರು. ಹಳೇ ಕಾರ್ಖಾನೆಯ ಹೆಸರು. "ಇದು ನನ್ನ ಅಪ್ಪ ಇಟ್ಟದ್ದು" ಎಂದರು. ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ್ದರಿಂದ ಒಡೆದದ್ದಕ್ಕೆ ಬದಲಿ ಬೇಕೆಂದರೆ ಈಗ ಎಲ್ಲೋ ಕೆಡವಿದ ಮನೆಯ ಹಂಚು ಹುಡುಕಿ ತರಬೇಕು. ಅಳತೆ ಒಂದು ಬೆರಳು ಹೆಚ್ಚುಕಡಿಮೆಯಾದರೂ ಕಚ್ಚು ಕೂರುವುದಿಲ್ಲ. ರೀಪಿಗೆ ಗೇರೆಣ್ಣೆ ಬಳಿಯುವುದು ಕೊನೆಯ ಕೆಲಸ. ಒರಲೆಗೆ ಅದರಷ್ಟು ಆಗದ್ದು ಬೇರೆ ಇಲ್ಲ. ಕೈಗೆ ತಾಗಿದರೆ ಚರ್ಮ ಏಳುತ್ತದೆ. ಅವರ ಮುಂಗೈಯಲ್ಲಿ ಆ ಕಪ್ಪು ಕಲೆಗಳು ಈಗ ಹೋಗುವಂಥವಲ್ಲ.

ಕಾರಂತರ ಮನೆಯ ಜಗಲಿಯಲ್ಲಿ ಕೂತು ಅವರು ಹೇಳಿದ್ದನ್ನು, ತುಳುವಿನಲ್ಲಿ ಹೇಳಿದ್ದನ್ನು, ಆದಷ್ಟು ಹಾಗೆಯೇ ಬರೆಯುತ್ತೇನೆ.

"ಮಾಡು ಬಾಯಿ ಬಿಟ್ಟು ಹೇಳುದಿಲ್ಲ ಅಕ್ಕ. ಹಂಚು ಒಡೆದ ಮೊದಲ ವರ್ಷ ಯಾರಿಗೂ ಗೊತ್ತಾಗುದಿಲ್ಲ. ನೀರು ಕೆಳಗೆ ಬೀಳುದೇ ಇಲ್ಲ. ಪಕ್ಕಾಸಿನ ಬೆನ್ನು ಹಿಡಿದು ಇಳಿದು ಗೋಡೆಯ ತಲೆಗೆ ಹೋಗ್ತದೆ. ಎರಡನೇ ವರ್ಷ ಗೋಡೆಯಲ್ಲಿ ಕಲೆ ಕಾಣ್ತದೆ. ಸುಣ್ಣ ಬಳಿತಾರೆ, ಹೋಯ್ತು ಅಂತ ಗ್ರೇಶ್ತಾರೆ. ಮೂರನೇ ವರ್ಷ ಒರಲೆ ಬರ್ತದೆ. ಮೊದಲ ವರ್ಷಕ್ಕೆ ನಾನು ಸಾಕು. ಮೂರನೇ ವರ್ಷಕ್ಕೆ ಇಂಜಿನಿಯರು ಬೇಕು, ಟೆಂಡರು ಬೇಕು, ಮಂತ್ರಿ ಬೇಕು."

ಬಾಲವನಕ್ಕೆ ಸಾಕಷ್ಟು ದುಡ್ಡು ಬರುತ್ತಿದೆಯೇ ಎಂದು ಕೇಳುವಾಗ ನಾವೆಲ್ಲ ಲೆಕ್ಕ ಹಾಕುವುದು ಮೂರನೇ ವರ್ಷದ ದುಡ್ಡನ್ನು. ಎಷ್ಟು ಲಕ್ಷ ಬಂತು, ಎಷ್ಟು ಕೋಟಿಗೆ ಪ್ರಸ್ತಾವ ಹೋಯಿತು, ಶಂಕುಸ್ಥಾಪನೆಗೆ ಯಾರು ಬಂದರು. ಕಟ್ಟುವುದಕ್ಕೆ ಒಂದು ದುಡ್ಡು, ಕಾಯುವುದಕ್ಕೆ ಒಂದು ದುಡ್ಡು. ಕಟ್ಟುವ ದುಡ್ಡಿಗೆ ಕಲ್ಲಿನಲ್ಲಿ ಹೆಸರು ಕೊರೆಯುತ್ತಾರೆ. ಕಾಯುವ ದುಡ್ಡು ಆಚಾರ್ರ ಸಂಬಳ, ಕಸ ಗುಡಿಸುವವಳ ಸಂಬಳ, ಪುಸ್ತಕದ ಕಪಾಟು ತೆರೆದು ಗಾಳಿ ಆಡಿಸುವವರ ಸಂಬಳ. ಅದಕ್ಕೆ ಕಲ್ಲು ಇಲ್ಲ.

ಇನ್ನೂ ಒಂದು ತೊಡಕು ಉಂಟು. ಸರ್ಕಾರದ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಮಾಡಿನ ಕೆಲಸಕ್ಕೆ ಹದವಾದ ಕಾಲ ಏಪ್ರಿಲ್ ಮತ್ತು ಮೇ. ಹಳೆಯ ವರ್ಷದ ದುಡ್ಡು ಮಾರ್ಚ್ ಕೊನೆಗೆ ಮುಗಿದಿರುತ್ತದೆ, ಹೊಸ ವರ್ಷದ್ದು ಇನ್ನೂ ಕೈಗೆ ಬಂದಿರುವುದಿಲ್ಲ. ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು ಎಲ್ಲ ಮುಗಿದು ಕೆಲಸದ ಆದೇಶ ಬರುವ ಹೊತ್ತಿಗೆ ಮಳೆ ಬಂದು ಹೋಗಿರುತ್ತದೆ. ಇದು ಯಾವ ಅಧಿಕಾರಿಯ ಅಸಡ್ಡೆಯೂ ಅಲ್ಲ. ಲೆಕ್ಕದ ಪುಸ್ತಕದ ಕ್ಯಾಲೆಂಡರು ಒಂದು, ತುಳುನಾಡಿನ ಮುಗಿಲಿನದು ಇನ್ನೊಂದು, ಅಷ್ಟೆ. ಕರಾವಳಿಯಲ್ಲಿ ಹಂಚಿನ ಮಾಡು ಇರುವ ಪ್ರತಿ ಸರ್ಕಾರಿ ಶಾಲೆ, ಪ್ರತಿ ಹಳೆಯ ಪ್ರವಾಸಿ ಬಂಗಲೆಯ ಕತೆಯೂ ಇದೇ. ಆಚಾರ್ರಿಗೆ ಇದನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಹಿಂದಿನ ವರ್ಷವೇ ತೆಗೆದಿಡಬೇಕಲ್ಲ" ಎಂದರು. ಬೀಜದ ಭತ್ತವನ್ನು ಮುಡಿ ಕಟ್ಟಿ ಅಟ್ಟದಲ್ಲಿಡುವ ಹಾಗೆ.

ಹುಡುಗನನ್ನು ನಾನು ಮರೆತುಬಿಟ್ಟಿದ್ದೆ. ಹುಡುಕಿದರೆ ಈಜುಕೊಳದ ಹತ್ತಿರ ನಿಂತಿದ್ದ.

ಬಾಲವನದಲ್ಲಿ ಈಗ ದಿನಾ ಮಕ್ಕಳ ಕೂಗು ಕೇಳುವ ಜಾಗವೆಂದರೆ ಇದು. ಪುತ್ತೂರಿನ ಅಕ್ವಾಟಿಕ್ ಕ್ಲಬ್ಬಿನ ಮಕ್ಕಳು ಇದೇ ನೀರಿನಲ್ಲಿ ಕಲಿತು ರಾಜ್ಯ, ರಾಷ್ಟ್ರ ಮಟ್ಟದ ಸ್ಪರ್ಧೆಗಳಿಗೆ ಹೋಗಿ ಪದಕ ತಂದಿದ್ದಾರೆ. ಸಮುದ್ರದಿಂದ ಇಷ್ಟು ದೂರದ, ಅಡಿಕೆ ತೋಟಗಳ ನಡುವಿನ ಒಂದು ತಾಲೂಕು ಕೇಂದ್ರ ಈಜಿನಲ್ಲಿ ಹೆಸರು ಮಾಡಿತೆಂದರೆ ಅದರ ಶ್ರೇಯ ಈ ಕೊಳಕ್ಕೆ ಮತ್ತು ಅಲ್ಲಿ ಬೆಳಗ್ಗೆ ಬಂದು ನಿಲ್ಲುವ ತರಬೇತುದಾರರಿಗೆ ಸಲ್ಲಬೇಕು. ದಡದಲ್ಲಿ ತಾಯಂದಿರು ಟವೆಲು ಹಿಡಿದು ಸಾಲಾಗಿ ಕೂತಿದ್ದರು. ಒಬ್ಬಳು ಪುಟ್ಟ ಹುಡುಗಿ ಅಂಚು ಹಿಡಿದು ಕಾಲು ಬಡಿಯುತ್ತಿದ್ದಳು. ತರಬೇತುದಾರ ಬಗ್ಗಿ ಅವಳ ಒಂದು ಕೈ ಬಿಡಿಸಿದ. ಅವಳು ಮತ್ತೆ ಹಿಡಿದಳು. ಮತ್ತೆ ಬಿಡಿಸಿದ. ಐದನೆಯ ಸಲ ಅವಳೇ ಬಿಟ್ಟಳು.

ಆಚಾರ್ರು ಈಜು ಕಲಿತದ್ದು ತೋಟದ ಕೆರೆಯಲ್ಲಿ, ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆಯಲ್ಲೇ ಜೋಡಿಸಿ ಕಟ್ಟಿ, ಅದರ ಮೇಲೆ ಎದೆಯಿಟ್ಟು. ಅಣ್ಣ ಮೆಲ್ಲಗೆ ಕಾಯಿ ಎಳೆದುಕೊಂಡದ್ದು ಗೊತ್ತೇ ಆಗಲಿಲ್ಲವಂತೆ. ಈಗ ಕೆರೆಗಳು ಕಡಿಮೆ, ಇರುವ ಕೆರೆಗೆ ಮಗುವನ್ನು ಇಳಿಸುವ ಧೈರ್ಯವೂ ಕಡಿಮೆ. ಹಾಗಾಗಿ ಕಾರಂತರ ಹೆಸರಿನ ಜಾಗದಲ್ಲಿ ಮಕ್ಕಳು ನೀರಿಗೆ ಇಳಿದು ಕಲಿಯುವುದು ನನಗೆ ಎಲ್ಲ ಸ್ಮಾರಕಗಳಿಗಿಂತ ಹೆಚ್ಚಿನದಾಗಿ ಕಂಡಿತು. ಮೈಯಿಂದ ಕಲಿಯಬೇಕು ಎಂದವರು ಅವರು.

ಕೊಳ ಏಕೆ ನಡೆಯುತ್ತದೆ, ಉಳಿದದ್ದಕ್ಕೆ ಏಕೆ ಪರದಾಟ ಎಂದು ಅಲ್ಲಿಯೇ ನಿಂತು ಯೋಚಿಸಿದೆ. ಈಜುಕೊಳ ದಿನಾ ದೂರು ಹೇಳುತ್ತದೆ. ನೀರು ಶೋಧಿಸುವ ಯಂತ್ರ ಎರಡು ದಿನ ನಿಂತರೆ, ಕ್ಲೋರಿನ್ ತಪ್ಪಿದರೆ, ನೀರು ಹಸಿರಾಗುತ್ತದೆ. ಹಸಿರಾದದ್ದು ಎಲ್ಲರಿಗೂ ಕಾಣುತ್ತದೆ. ಮಕ್ಕಳು ಬರುವುದಿಲ್ಲ, ತಾಯಂದಿರು ಕೇಳುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಅದಕ್ಕೆ ಆ ದಿನದ ದುಡ್ಡು ಆ ದಿನವೇ ಹುಟ್ಟಬೇಕು. ಪುಸ್ತಕದ ಕಪಾಟಿಗೆ, ಕುಣಿತದ ಶಾಲೆಗೆ, ಹಂಚಿನ ಮಾಡಿಗೆ ಆ ಬಾಯಿ ಇಲ್ಲ. ಅವು ಸುಮ್ಮನೆ ಮುಪ್ಪಾಗುತ್ತವೆ.

ಖಾಸಗಿ ಉದ್ಯಾನಗಳವರು ಈ ಪಾಠವನ್ನು ಚೆನ್ನಾಗಿ ಅರಿತಿದ್ದಾರೆ. 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಎಂದು ಶುರುವಾಗಿ, 2005ರಲ್ಲಿ ಬೆಂಗಳೂರಿಗೆ ಬಂದು ವಂಡರ್‌ಲಾ ಎಂದಾದ ಸಂಸ್ಥೆ 2014ರಲ್ಲಿ ಷೇರುಪೇಟೆಗೂ ಹೋಯಿತು. ಅಂಥ ಉದ್ಯಾನಕ್ಕೆ ಟಿಕೆಟ್ಟೇ ಉಸಿರು. ತೊಟ್ಟಿಲು ಕಿರುಗುಟ್ಟಿದರೆ, ನಾಲ್ಕು ವರ್ಷ ಹೊಸ ಆಟ ಬಾರದಿದ್ದರೆ, ನಮ್ಮ ಹುಡುಗನಂಥವರು ಮೂರನೆಯ ಸಲ ಹೋಗುವುದಿಲ್ಲ. ಯಜಮಾನರು ದುಡ್ಡು ಹಾಕುತ್ತಿದ್ದಾರೆಯೋ ಇಲ್ಲವೋ ಎಂಬುದನ್ನು ಬಾಗಿಲಲ್ಲಿ ನಿಂತ ಸಾಲು ಹೇಳುತ್ತದೆ. ಬಾಲವನದ ಯಜಮಾನರು ನಾವೆಲ್ಲ, ಅಂದರೆ ಸರ್ಕಾರ. ಇಲ್ಲಿ ಜನ ಬರುವುದು ನಿಂತರೆ ಯಾರ ಖಾತೆಯಲ್ಲೂ ನಷ್ಟ ಬರೆಯುವುದಿಲ್ಲ.

ಕಾರಂತರ ಹೆಸರಿನ ಇನ್ನೊಂದು ಸರ್ಕಾರಿ ವನವೂ ನಮ್ಮ ಜಿಲ್ಲೆಯಲ್ಲಿದೆ. ಮಂಗಳೂರಿನ ಮೂಡುಶೆಡ್ಡೆಯ ಪಿಲಿಕುಳ ನಿಸರ್ಗಧಾಮ. ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಮುನ್ನೂರು ಎಕರೆಗೂ ಮಿಕ್ಕಿದ ಜಾಗದಲ್ಲಿ ಮೃಗಾಲಯ, ಗುತ್ತಿನ ಮನೆ, ಕುಶಲಕರ್ಮಿಗಳ ಗ್ರಾಮ, ವಿಜ್ಞಾನ ಕೇಂದ್ರ, 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತಾರಾಲಯ. ಪುತ್ತೂರು, ಸುಳ್ಯ, ಕಡಬದ ಶಾಲೆಗಳ ಪ್ರವಾಸದ ಬಸ್ಸುಗಳು ಹೋಗುವುದು ಅಲ್ಲಿಗೇ. ಹೋಗಲಿ, ಹೋಗಬೇಕು. ಆದರೆ ಕಾರಂತರು ಒಂದು ದಿನವೂ ಬಾಳದ ಆ ಜಾಗಕ್ಕೆ ಅವರ ಹೆಸರಿಟ್ಟು ಇಷ್ಟು ಬೆಳೆಸಿದ ಮೇಲೆ, ಅವರು ತಮ್ಮ ಕೈಯಾರೆ ಕಟ್ಟಿದ ಜಾಗದ ಪಾಲಿಗೆ ಒಬ್ಬ ಖಾಯಂ ಮಾಡಿನ ಕೆಲಸದವ, ಒಬ್ಬ ತೋಟದವ, ಮಕ್ಕಳ ಜೊತೆ ದಿನಾ ಸಂಜೆ ಕೂರುವ ಒಬ್ಬ ಮೇಷ್ಟ್ರು ಬರಲಿ ಎಂದು ಕೇಳುವುದು ದೊಡ್ಡ ಆಸೆಯಲ್ಲ ಎಂದು ನನ್ನ ಅನಿಸಿಕೆ. ಹೊಸ ಕಟ್ಟಡಕ್ಕೆ ತೆಗೆದಿಡುವ ಮೊತ್ತದಲ್ಲಿ ಒಂದು ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟರೆ ಅದರ ಬಡ್ಡಿ ಪ್ರತಿ ಏಪ್ರಿಲ್‌ನಲ್ಲಿ ಯಾರ ಸಹಿಗೂ ಕಾಯದೆ ಏಣಿ ಇಡಿಸಬಹುದು. ಮೊಳಹಳ್ಳಿ ಶಿವರಾಯರ ಊರಿಗೆ ಠೇವಣಿ, ಬಡ್ಡಿಯ ಲೆಕ್ಕವನ್ನು ನಾನು ಹೇಳಿಕೊಡಬೇಕಾಗಿಲ್ಲ.

ಮೇಷ್ಟ್ರು ಎಂದೆನಲ್ಲ, ಅದು ಮುಖ್ಯ. ರಜೆಯ ಶಿಬಿರಗಳಲ್ಲಿ ಮಕ್ಕಳು ಬಂದಾಗ ಬಾಲವನ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು. ಮರದ ಕೆಳಗೆ ಮಣ್ಣು ಕಲಸುವವರು, ಹಾಳೆಯಲ್ಲಿ ಮುಖವಾಡ ಮಾಡುವವರು, ಹೆಜ್ಜೆ ತಪ್ಪಿ ನಗುವವರು. ಶಿಬಿರ ಮುಗಿದ ಮರುದಿನ ಅದೇ ಮರದ ಕೆಳಗೆ ಹೋದರೆ ಎಲೆ ಬೀಳುವ ಸದ್ದು ಕೇಳುತ್ತದೆ. ಹತ್ತು ದಿನದ ಹಬ್ಬಕ್ಕೆ ಜನ ಸಿಗುತ್ತಾರೆ. ಉಳಿದ ದಿನಗಳ ಸಂಜೆಗೆ ಒಬ್ಬರು ಬೇಕು.

ಹೊರಡುವ ಹೊತ್ತಿಗೆ ಮೋಡ ಕಟ್ಟಿತ್ತು. ಮುಂಗಾರಿಗೆ 15 ದಿನ ಇರುವಾಗ ಬರುವ ಆ ಸಂಜೆಯ ಗುಡುಗು. ಆಚಾರ್ರು ಕೊನೆಯ ಸಲ ಒಳಗೆ ಹೋದರು. ಅವರ ಮಗ ಮಂಗಳೂರಿನಲ್ಲಿ ಅಲ್ಯೂಮಿನಿಯಂ ಕಿಟಕಿಯ ಕೆಲಸ ಮಾಡುತ್ತಾನೆ, ಒಳ್ಳೆಯ ಸಂಪಾದನೆ. ಮಾಡು ಹತ್ತುವುದಿಲ್ಲ. ನಮ್ಮ ಮನೆಯದ್ದೇ ಕೊನೆ, ಬರುವ ವರ್ಷ ಮೊಣಕಾಲು ಬಿಡುವುದಿಲ್ಲ ಎಂದು ಬಸ್ಸಿನಲ್ಲಿಯೇ ಹೇಳಿದ್ದರು. ಯಾರನ್ನಾದರೂ ಕಲಿಸಿಟ್ಟಿದ್ದೀರಾ ಎಂದು ಕೇಳಿದ್ದಕ್ಕೆ ಕಿಟಕಿಯ ಹೊರಗೆ ನೋಡಿದ್ದರು.

ಹುಡುಗ ಅವರ ಪಕ್ಕ ಹೋಗಿ ನಿಂತ. "ಮೇಲೆ ಏನು ನೋಡ್ತೀರಿ ಅಜ್ಜ?"

"ಪಕ್ಕಾಸು ಎಷ್ಟು ಉಂಟು ಅಂತ."

"ಎಷ್ಟಿದೆ?"

"ನೀನೇ ಲೆಕ್ಕ ಮಾಡು."

ಅವನು ತಲೆ ಹಿಂದಕ್ಕೆ ಬಗ್ಗಿಸಿ, ಬೆರಳು ಎತ್ತಿ ತೋರಿಸುತ್ತ ಎಣಿಸತೊಡಗಿದ. ಒಂದು ಗೋಡೆಯಿಂದ ಶುರುಮಾಡಿ ಕೋಣೆಯ ನಡುವಿಗೆ ಬಂದ, ಮೂಲೆಗೆ ಬಂದ, ಅಲ್ಲಿ ಒಂದು ಅಡ್ಡಮರ ಕಣ್ಣು ತಪ್ಪಿಸಿತು. ನಿಂತ. ಗಾಜಿನ ಹಂಚಿನಿಂದ ಬೀಳುತ್ತಿದ್ದ ಬೆಳಕು ಮೋಡಕ್ಕೆ ಮಂಕಾಗುತ್ತಿತ್ತು. ಬಸ್ಸು ತಪ್ಪುತ್ತದೆ ಎಂದು ನಾನು ಕರೆದೆ.

"ಬಾಗಿಲ ಮೇಲಿನದ್ದು ಬಿಟ್ಟೆ" ಎಂದರು ಆಚಾರ್ರು.

"ಇರಿ ಚಿಕ್ಕಮ್ಮ" ಎಂದು ಹುಡುಗ ಮತ್ತೆ ಒಂದರಿಂದ ಶುರುಮಾಡಿದ.